ಬೇಗ ಕಲಿಯುವ ಮಗುವಿಗೆ ಮನೆಯಲ್ಲೇ ಕನ್ನಡ ಓದು: ಎಲ್ಲಿ ಓಡಲು ಬಿಡಬೇಕು, ಎಲ್ಲಿ ತಡೆಯಬೇಕು

ಕೊಡಗಿನ ಸೋಮವಾರಪೇಟೆ ಕಡೆಯ ಜುಲೈ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮಳೆ ರಜೆಯ ಮೇಲೆ ಮಳೆ ರಜೆ. ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೋದ ವರ್ಷ ಅಂಥದ್ದೊಂದು ವಾರದಲ್ಲಿ ನಾಲ್ಕೂವರೆ ವರ್ಷದ ಮಗಳು ಅಣ್ಣನ ಸ್ಲೇಟು ಕಿತ್ತುಕೊಂಡು ಬಂದು, ‘ಅಮ್ಮ, ನಂಗೂ ಹೇಳ್ಕೊಡು’ ಎಂದು ಒಲೆಯ ಪಕ್ಕ ಕೂತಳು. ಐದು ದಿನಕ್ಕೆ ಹತ್ತು ಅಕ್ಷರ ಗುರುತಿಸಿದಳು. ಮೂರನೇ ವಾರಕ್ಕೆ ಮೂವತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ವಿಡಿಯೋ ಮಾಡಿ ತವರಿಗೆ ಕಳಿಸಿದ್ದೂ ಆಯಿತು.

ನಾಲ್ಕನೇ ವಾರ ಸ್ಲೇಟು ಕಾಣೆ. ಹುಡುಕಿದರೆ ಸೌದೆ ರಾಶಿಯ ಹಿಂದೆ ಸಿಕ್ಕಿತು. ಬಚ್ಚಿಟ್ಟವಳು ಅವಳೇ.

ಅವತ್ತು ಸಂಜೆ ಅವಳ ಮುಂದೆ ‘ಗರಗಸ’ ಎಂದು ಬರೆದೆ. ನಾಲ್ಕೂ ಅವಳಿಗೆ ಗೊತ್ತಿರುವ ಅಕ್ಷರ. ಗ, ರ, ಗ, ಸ ಎಂದು ಒಂದೊಂದಾಗಿ ಸರಿಯಾಗಿಯೇ ಹೇಳಿದಳು. ‘ಸೇರಿಸಿ ಓದು’ ಅಂದೆ. ಸ್ವಲ್ಪ ಯೋಚಿಸಿ ‘ಬಸ್ಸು’ ಅಂದಳು!

ತಪ್ಪು ಅವಳದ್ದಲ್ಲ. ಬೇಗ ಕಲಿಯುವ ಮಗುವಿನ ಒಳಗೆ ನಾಲ್ಕು ಬೇರೆ ಬೇರೆ ಗಡಿಯಾರ ಓಡುತ್ತಿರುತ್ತವೆ. ಅಕ್ಷರ ಗುರುತಿಸುವುದಕ್ಕೆ ಒಂದು, ಅಕ್ಷರ ಜೋಡಿಸಿ ಓದುವುದಕ್ಕೆ ಒಂದು, ಬೆರಳಿನ ಬಲಕ್ಕೆ ಒಂದು, ಕೂತಲ್ಲಿ ಕೂರುವ ತಾಳ್ಮೆಗೆ ಒಂದು. ನಾನು ಮೊದಲನೆಯ ಗಡಿಯಾರ ಮಾತ್ರ ನೋಡಿ ಉಳಿದ ಮೂರನ್ನೂ ಅದೇ ವೇಗಕ್ಕೆ ಎಳೆದಿದ್ದೆ. ಆಮೇಲೆ ಎಲ್ಲವನ್ನೂ ಬಿಟ್ಟು ಮೊದಲಿನಿಂದ ಶುರು ಮಾಡಿದೆವು. ಆ ಎರಡನೇ ಸಲದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಮಗು ಯಾವುದರಲ್ಲಿ ಚುರುಕು ಎಂದು ನೋಡಿ

ಇದಕ್ಕೆ ಒಂದು ಸಂಜೆ ಸಾಕು. ಪರೀಕ್ಷೆ ಅಂತ ಹೇಳಬೇಡಿ, ಆಟ ಅನ್ನಿ.

ಮಗುವಿಗೆ ಗೊತ್ತಿರುವ ಅಕ್ಷರಗಳಿಂದಲೇ ಅರ್ಥವಿಲ್ಲದ ಎರಡು ಮೂರು ಪದ ಬರೆಯಿರಿ. ಗದಸ, ನಬರ, ಮಸಜ ಈ ತರಹದ್ದು. ‘ಇದು ಬೇರೆ ಲೋಕದ ಪ್ರಾಣಿಯ ಹೆಸರು, ಏನು ಹೇಳು’ ಎಂದು ಕೇಳಿ. ಮಗು ನಗುತ್ತಾ ‘ಗದಸ’ ಎಂದು ಓದಿದರೆ ಅಕ್ಷರ ಜೋಡಿಸಲು ಬರುತ್ತದೆ ಎಂದರ್ಥ. ‘ಗರಗಸ’ ಅಂತಲೋ ‘ಗದ್ದೆ’ ಅಂತಲೋ ಗೊತ್ತಿರುವ ಪದಕ್ಕೆ ಹಾರಿದರೆ ಅದು ಊಹೆ.

ಇನ್ನೊಂದು, ಮಗುವಿಗೆ ಬಾಯಿಪಾಠ ಆಗಿರುವ ಕಥೆ ಪುಸ್ತಕ ತೆಗೆಯಿರಿ. ಚಿತ್ರದ ಮೇಲೆ ಕೈ ಮುಚ್ಚಿ, ಸಾಲಿನ ನಡುವಿನ ಒಂದು ಪದಕ್ಕೆ ಬೆರಳಿಟ್ಟು ‘ಇದೇನು’ ಅನ್ನಿ. ತುಂಬ ಮಕ್ಕಳು ಪುಸ್ತಕ ಇಡಿಯಾಗಿ ‘ಓದುತ್ತಾರೆ’, ಆದರೆ ಈ ಒಂದು ಪದಕ್ಕೆ ತಬ್ಬಿಬ್ಬಾಗುತ್ತಾರೆ. ಇದರಲ್ಲಿ ಬೇಜಾರಾಗುವಂಥದ್ದು ಏನಿಲ್ಲ. ನೆನಪು ಚೆನ್ನಾಗಿರುವ ಮಗು ಅದು. ಅಂಥ ಮಗುವಿಗೆ ಹೊಸ ಅಕ್ಷರ ಕಡಿಮೆ, ಜೋಡಿಸುವ ಕೆಲಸ ಜಾಸ್ತಿ ಕೊಡಬೇಕು. ನನ್ನ ಮಗಳು ಈ ಗುಂಪಿನವಳು.

ಹೊತ್ತು ಮತ್ತು ಗಂಟೆ

ನಾಲ್ಕರಿಂದ ಐದು ವರ್ಷದ ಮಗುವಿಗೆ ಹತ್ತು ನಿಮಿಷ. ದಿನಕ್ಕೆ ಎರಡು ಸಲ ಆದರೆ ಚೆನ್ನ, ಒಂದೇ ಸಲ ಆದರೂ ನಷ್ಟವಿಲ್ಲ. ಚುರುಕು ಮಗು ಎಂದು ಇದನ್ನು ಅರ್ಧ ಗಂಟೆ ಮಾಡಲು ಹೋಗಬೇಡಿ. ಬೇಕಿದ್ದರೆ ಹತ್ತು ನಿಮಿಷದ ಒಳಗೆ ಜಾಸ್ತಿ ತುಂಬಿ, ನಿಮಿಷ ಹೆಚ್ಚಿಸಬೇಡಿ.

ಊಟಕ್ಕೆ ಕೂತ ಮಗು ಇನ್ನೊಂದು ತುತ್ತು ಬೇಕು ಎನ್ನುವಾಗಲೇ ಕೈ ತೊಳೆಸಿದ ಹಾಗೆ ಪಾಠ ನಿಲ್ಲಿಸಬೇಕು. ‘ಇನ್ನೊಂದು ಪದ ಅಮ್ಮ’ ಅಂದರೆ ‘ನಾಳೆ’ ಅನ್ನಿ. ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ಹೆಜ್ಜೆ. ಮಗು ಕೇಳುತ್ತಿದೆ, ನಾವು ಇಲ್ಲ ಅನ್ನುವುದಾ ಅಂತ ಕರುಳು ಚುರ್ ಅನ್ನುತ್ತದೆ. ಆದರೆ ಸುಸ್ತಾಗುವ ತನಕ ಎಳೆದ ದಿನದ ಮಾರನೆಯ ದಿನ ಅದೇ ಮಗು ಸ್ಲೇಟು ನೋಡಿದರೆ ಓಡುತ್ತದೆ.

ಯಾವ ಹೊತ್ತು? ನಮ್ಮಲ್ಲಿ ಬೆಳಿಗ್ಗೆ ತಿಂಡಿ ಆದ ಮೇಲೆ, ಕೆಲಸದವರು ತೋಟಕ್ಕೆ ಇಳಿಯುವ ಮೊದಲು. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಹತ್ತಿರ ಇನ್ನೊಂದು ಐದು ನಿಮಿಷ. ಮಳೆಗಾಲದಲ್ಲಿ ಸಂಜೆಯ ಬೆಳಕು ನಂಬುವ ಹಾಗಿಲ್ಲ. ಕರೆಂಟ್ ಹೋದ ಮೇಲೆ ಮೇಣದ ಬತ್ತಿಯಲ್ಲಿ ಸಣ್ಣ ಅಕ್ಷರ ಓದಿಸುವುದು ಬೇಡ. ಆ ಹೊತ್ತಿಗೆ ಬಾಯಿ ಆಟ ಇದೆ: ‘ಮ’ದಿಂದ ಶುರುವಾಗುವ ಐದು ಪದ, ‘ರ’ದಲ್ಲಿ ಮುಗಿಯುವ ಮೂರು ಪದ. ಕಿವಿಗೆ ಶಬ್ದ ಬಿಡಿಸಲು ಬಂದರೆ ಕಣ್ಣಿಗೆ ಅಕ್ಷರ ಜೋಡಿಸುವುದು ಸುಲಭ.

ಅಕ್ಷರಗಳ ಕ್ರಮ: ಅ ಆ ಇ ಈ ಬಿಟ್ಟು ರ ಗ ಸ ದ ಅ

ಕನ್ನಡ ವರ್ಣಮಾಲೆಯಲ್ಲಿ ಒಟ್ಟು 49 ಅಕ್ಷರ. 13 ಸ್ವರ, 2 ಯೋಗವಾಹ (ಅಂ, ಅಃ), 34 ವ್ಯಂಜನ. ಅಜ್ಜಿಯರ ಕ್ರಮದಲ್ಲಿ ಅ ಆ ಇ ಈ ಯಿಂದ ಶುರು ಮಾಡಿದರೆ ಮೊದಲ ಹದಿನೈದು ಅಕ್ಷರ ಕಲಿತರೂ ಮಗುವಿಗೆ ಓದಲು ಪದವೇ ಹೆಚ್ಚು ಸಿಗುವುದಿಲ್ಲ. ಕಲಿತದ್ದನ್ನು ಎಲ್ಲೂ ಬಳಸಲಾಗದೆ ಚುರುಕು ಮಗುವಿಗೆ ಬೇಸರ ಬರುತ್ತದೆ. ವರ್ಣಮಾಲೆಯನ್ನು ಹಾಡಿನ ಹಾಗೆ ಹೇಳಿಸಿ, ತೊಂದರೆ ಇಲ್ಲ. ಓದಲು ಮಾತ್ರ ಬೇರೆ ಕ್ರಮ ಬೇಕು.

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು ಎನ್ನುವುದೇ ಅದರ ತಿರುಳು. ಅಲ್ಲಿ ಮೊದಲು ಕಲಿಸುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭ, ಆಕಾರದಲ್ಲಿ ಒಂದಕ್ಕೊಂದು ಹತ್ತಿರ, ಮತ್ತು ಮೊದಲ ವಾರವೇ ಪದ ಹುಟ್ಟುತ್ತವೆ.

ಐದೇ ಅಕ್ಷರದಲ್ಲಿ: ಸರ, ರಸ, ದರ, ಅರಸ, ಅಗಸ, ಗರಗಸ, ದಸರ.

ಹತ್ತು ಅಕ್ಷರ ಆದ ಮೇಲೆ: ಮರ, ದನ, ಜನ, ವನ, ಮಗ, ನಗರ, ಬಸವ, ಅವನ. ಜೊತೆಗೆ ‘ಅರಸನ ಮಗನ ಸರ’, ‘ಬಸವನ ದನ’ ಎನ್ನುವ ತುಂಡುಗಳು. ‘ಬಸವನ ದನ’ ಓದಿದ ದಿನ ನನ್ನ ಮಗಳು ಇಡೀ ಮನೆ ಸುತ್ತಿ ಎಲ್ಲರಿಗೂ ಓದಿ ತೋರಿಸಿದಳು. ಕೊಟ್ಟಿಗೆಯ ದನಕ್ಕೂ.

ಇನ್ನು ವೇಗ. ಸಾಮಾನ್ಯ ಮಗುವಿಗೆ ವಾರಕ್ಕೆ ಎರಡು ಮೂರು ಅಕ್ಷರ ಹಿಡಿದರೆ ಸರಿ. ಚುರುಕು ಮಗುವಿಗೆ ವಾರಕ್ಕೆ ಐದು ಕೊಡಬಹುದು. ಆದರೆ ನಾಲ್ಕು ದಿನದಲ್ಲಿ ಐದು ಕೊಟ್ಟು ಉಳಿದ ಮೂರು ದಿನ ಹೊಸದೇನೂ ಕೊಡಬೇಡಿ. ಆ ಮೂರು ದಿನ ಹಳೆಯ ಅಕ್ಷರಗಳ ಪದ ಮಾತ್ರ. ಮುಂದಿನ ಗುಂಪಿಗೆ ಹೋಗಲು ನಾನು ಇಟ್ಟುಕೊಂಡ ಬಾಗಿಲು ಇದು: ಹತ್ತು ಪದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಒಂದೊಂದೇ ತೆಗೆಸಿ. ಎಂಟನ್ನು ಅಕ್ಷರ ಬಿಡಿಸಿ ಹೇಳದೆ ಒಂದೇ ಉಸಿರಿಗೆ ಓದಿದರೆ ಬಾಗಿಲು ತೆರೆಯಿತು. ಬಿಡಿಸಿ ಬಿಡಿಸಿ ಓದಿದರೆ ಇನ್ನೆರಡು ದಿನ ಅಲ್ಲೇ.

ಆದರೆ ಗೊಂದಲವಾಗುವಷ್ಟು ಒಂದೇ ರೀತಿ ಕಾಣುವ ಅಕ್ಷರಗಳನ್ನು ಒಂದೇ ವಾರದಲ್ಲಿ ತರಬೇಡಿ. ಪ, ವ, ಷ. ದ, ಧ, ಥ. ಬ, ಭ. ನ, ಸ. ಮೊದಲನೆಯದು ಗಟ್ಟಿಯಾಗಿ ಕೂತ ಮೇಲೆ ಎರಡನೆಯದು. ನಲಿ-ಕಲಿಯ ಕ್ರಮದಲ್ಲಿ ಸ ಮೊದಲ ಗುಂಪಿನಲ್ಲಿ, ನ ಎರಡನೆಯದರಲ್ಲಿ ಬರುತ್ತವೆ. ನಾನು ನಡುವೆ ಒಂದು ವಾರ ಜಾಸ್ತಿ ಬಿಟ್ಟೆ. ಖ, ಘ, ಭ ತರಹದ ಮಹಾಪ್ರಾಣಗಳನ್ನೆಲ್ಲ ಕೊನೆಗೆ ತಳ್ಳಿ. ಙ, ಞ ಗಳನ್ನು ಈಗ ಮುಟ್ಟುವ ಅಗತ್ಯವೇ ಇಲ್ಲ. ಮಗು ಓದುವ ಪುಸ್ತಕದಲ್ಲಿ ಅವು ಸಿಗುವುದೇ ಅಪರೂಪ, ಅಲ್ವಾ?

ಗುಣಿತಾಕ್ಷರ: ಇಲ್ಲಿ ಓಡಲು ಬಿಡಿ

ಕ ಕಾ ಕಿ ಕೀ, ಖ ಖಾ ಖಿ ಖೀ ಎಂದು ಸಾಲು ಸಾಲಾಗಿ ಬರೆಸುವುದು ನಾವೆಲ್ಲ ಕಲಿತ ರೀತಿ. ಬೇಗ ಕಲಿಯುವ ಮಗುವಿಗೆ ಇದು ಶಿಕ್ಷೆ. ಅದಕ್ಕೆ ನಿಯಮ ಬೇಕು, ಪಟ್ಟಿ ಬೇಡ.

ಹಾಗಾಗಿ ಚಿಹ್ನೆಯ ಪ್ರಕಾರ ಹೋಗಿ. ಮೊದಲು ಇಳಿ ಮಾತ್ರ. ರ-ರಾ, ಗ-ಗಾ, ದ-ದಾ. ಮೂರು ಅಕ್ಷರಕ್ಕೆ ನೀವು ತೋರಿಸಿ, ನಾಲ್ಕನೆಯದನ್ನು ಅವರೇ ಹೇಳಲಿ. ‘ಸ ಗೆ ಇಳಿ ಕೊಟ್ಟರೆ?’ ‘ಸಾ!’ ಚುರುಕು ಮಗುವಿನ ಮುಖ ಅರಳುವುದು ಇಲ್ಲಿ. ಒಂದು ಬೀಗದ ಕೈಯಲ್ಲಿ ಎಲ್ಲ ಕೋಣೆಯೂ ತೆರೆಯುತ್ತದೆ ಅಂತ ಗೊತ್ತಾಗುವ ದಿನ ಅದು. ಅವತ್ತೇ ರಾಜ, ರಾಗ, ದಾರ, ಮಾವ, ಜಾಗ ಎಲ್ಲ ಓದಬಹುದು.

ಆಮೇಲೆ ಗುಡಿಸು: ಮರಿ, ಗರಿ, ಬಿಸಿ, ದಿನ, ನರಿ. ಆಮೇಲೆ ಕೊಂಬು, ಕೊಂಬಿನ ಇಳಿ. ಆಮೇಲೆ ಎತ್ವ, ಏತ್ವ. ಒತ್ವ, ಓತ್ವ, ಐತ್ವ, ಔತ್ವ ಕೊನೆಗೆ. ವಾರಕ್ಕೆ ಎರಡು ಚಿಹ್ನೆಯ ವೇಗ ನನ್ನ ಮಗಳಿಗೆ ಹಿಡಿಸಿತು. ಮಗು ಕೇಳಿದರೆ ಮೂರೂ ಕೊಡಿ. ಇಡೀ ಪ್ರಯಾಣದಲ್ಲಿ ನಾನು ಲಗಾಮು ಸಡಿಲ ಬಿಟ್ಟದ್ದು ಇಲ್ಲಿ ಮಾತ್ರ.

ನಿಯಮ ಮುರಿಯುವ ಜಾಗಗಳನ್ನು ಮಾತ್ರ ನೀವು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಬ, ಜ, ಲ, ಟ, ಣ ಗಳಿಗೆ ಬೇರೆ ಅಕ್ಷರಗಳ ಹಾಗೆ ತಲಕಟ್ಟು, ಅಂದರೆ ತಲೆಯ ಮೇಲಿನ ಗೆರೆ, ಇಲ್ಲ. ಹಾಗಾಗಿ ಬಾ, ಜಾ, ಲಾ ಗಳಲ್ಲಿ ಇಳಿ ಅಂಟುವ ರೀತಿ ಬೇರೆ. ಪು, ವು ಬರೆಯುವಾಗ ಕೊಂಬು ಪಕ್ಕಕ್ಕೆ ನಿಲ್ಲದೆ ಕೆಳಗೆ ಬಂದು ಸೇರುತ್ತದೆ. ಮು ಮತ್ತು ಮೊ, ಯು ಮತ್ತು ಯೊ ದೊಡ್ಡವರ ಕಣ್ಣಿಗೂ ಮೋಸ ಮಾಡುತ್ತವೆ. ‘ನೀನು ಹೇಳಿದ ನಿಯಮ ಇಲ್ಲಿ ಯಾಕಿಲ್ಲ’ ಎಂದು ಮಗು ಕೇಳಿಯೇ ಕೇಳುತ್ತದೆ. ‘ಇವು ತುಂಟ ಅಕ್ಷರ’ ಅಂದುಬಿಟ್ಟೆ ನಾನು. ಈಗ ಅವಳೇ ಪುಸ್ತಕದಲ್ಲಿ ತುಂಟ ಅಕ್ಷರ ಹುಡುಕುತ್ತಾಳೆ.

ಈ ಹಂತದಲ್ಲಿ ಪಾಠ ಮನೆಯಿಂದ ಹೊರಗೆ ಬರಲಿ. ಕೊಡಗಿನ ಬಸ್ ಬೋರ್ಡುಗಳು ಯಾರೋ ಮಕ್ಕಳಿಗಾಗಿಯೇ ಜೋಡಿಸಿಟ್ಟ ಪಾಠದ ಹಾಗಿವೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ. ನಾಲ್ಕರಲ್ಲೂ ಒಂದೇ ಒಂದು ಒತ್ತು ಇಲ್ಲ! ಗುಣಿತ ಗೊತ್ತಿದ್ದರೆ ಸಾಕು. ಸೊನ್ನೆ ಕಲಿತ ಮೇಲೆ ಭಾಗಮಂಡಲ, ಶನಿವಾರಸಂತೆ. ಒತ್ತು ಶುರುವಾದ ಮೇಲೆ ಗೋಣಿಕೊಪ್ಪ, ಸಿದ್ದಾಪುರ. ಸೊನ್ನೆಯೂ ಒತ್ತೂ ಸೇರಿದರೆ ಸುಂಟಿಕೊಪ್ಪ, ಪೊನ್ನಂಪೇಟೆ. ಕೊನೆಗೆ ಎಲ್ಲರನ್ನೂ ಎಡವಿಸುವ ನಾಪೋಕ್ಲು.

ಒತ್ತಕ್ಷರ: ಇಲ್ಲಿ ಎಷ್ಟು ನಿಧಾನವಾದರೂ ಸರಿ

ಚುರುಕು ಮಕ್ಕಳು ಮೊದಲ ಸಲ ಮುಗ್ಗರಿಸುವುದು ಒತ್ತಿನಲ್ಲಿ. ಅಲ್ಲಿಯತನಕ ಎಲ್ಲ ಸಲೀಸಾಗಿ ಬಂದದ್ದರಿಂದ ‘ನಂಗೆ ಬರಲ್ಲ’ ಎನ್ನುವ ಮಾತು ಇಲ್ಲೇ ಮೊದಲು ಕೇಳಿಸುತ್ತದೆ. ಅಪ್ಪ ಅಮ್ಮಂದಿರೂ ಇಲ್ಲೇ ತಾಳ್ಮೆ ಕಳೆದುಕೊಳ್ಳುತ್ತಾರೆ. ‘ಇಷ್ಟು ದಿನ ಬಂತಲ್ಲ, ಈಗೇನಾಯ್ತು?’

ಆದದ್ದು ಇಷ್ಟು. ಇದುವರೆಗೆ ಬರೆದ ಕ್ರಮದಲ್ಲೇ ಓದಿದರೆ ಸಾಕಿತ್ತು. ಈಗ ಅಕ್ಷರ ಒಂದರ ಕೆಳಗೊಂದು ಕೂತಿದೆ. ಸ್ವರದ ಚಿಹ್ನೆ ಮೇಲಿನ ಅಕ್ಷರಕ್ಕೆ ಅಂಟಿದೆ, ಆದರೆ ಅದರ ಸದ್ದು ಕೆಳಗಿನ ಅಕ್ಷರದ ಆಮೇಲೆ ಬರಬೇಕು. ‘ನಾಪೋಕ್ಲು’ವಿನಲ್ಲಿ ಕೊಂಬು ಇರುವುದು ಕ ಗೆ. ಹಾಗಾಗಿ ಮಗು ‘ನಾಪೋಕುಲ’ ಅನ್ನುತ್ತದೆ. ಕಣ್ಣಿಗೆ ಕಂಡದ್ದನ್ನು ಸರಿಯಾಗಿಯೇ ಓದಿದೆ ಅದು. ‘ಪ್ರೀತಿ’ಯಲ್ಲೂ ಹೀಗೇ. ಅಕ್ಷರದ ಮೊದಲು ಬರುವ ‘ರ್’ ಸದ್ದಿನ ಗುರುತಾದ ಅರ್ಕಾವತ್ತು ಇನ್ನೂ ವಿಚಿತ್ರ. ಬರೆಯುವುದು ಆಮೇಲೆ, ಓದುವುದು ಮೊದಲು. ಕೆಂಪು ಬಸ್ಸಿನ ಮೈಮೇಲೆ ‘ಕರ್ನಾಟಕ ಸಾರಿಗೆ’ ಎಂದು ಬರೆದಿರುತ್ತದಲ್ಲ, ನನ್ನ ಮಗಳು ಅದನ್ನು ತಿಂಗಳುಗಟ್ಟಲೆ ‘ಕನಾರಟಕ’ ಎಂದೇ ಓದಿದಳು. ನಾವು ಬಸ್ ಸ್ಟ್ಯಾಂಡಿನಲ್ಲಿ ತಿದ್ದಲು ಹೋಗಲಿಲ್ಲ.

ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿರುವ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡದ ಅಕ್ಷರ ಕಲಿಕೆ ಇಂಗ್ಲಿಷಿನ ಹಾಗೆ ಬೇಗ ಮುಗಿಯುವುದಿಲ್ಲ, ಮೊದಲ ಕೆಲವು ತರಗತಿಗಳ ಉದ್ದಕ್ಕೂ ನಡೆಯುತ್ತದೆ ಎಂದು ತೋರಿಸಿದ್ದಾರೆ. ಶಾಲೆಯಲ್ಲಿ ವರ್ಷಗಳು ಹಿಡಿಯುವುದನ್ನು ನಾವು ಅಡುಗೆಮನೆಯಲ್ಲಿ ಮಳೆಗಾಲ ಮುಗಿಯುವುದರೊಳಗೆ ಮುಗಿಸಬೇಕು ಅಂತ ಹಟ ಹಿಡಿಯುವುದು ಯಾಕೆ?

ಕ್ರಮ ಹೀಗಿರಲಿ. ಮೊದಲು ಅದೇ ಅಕ್ಷರಕ್ಕೆ ಅದೇ ಒತ್ತು: ಅಕ್ಕ, ಅಪ್ಪ, ಅಜ್ಜ, ಹಬ್ಬ, ಬೆಟ್ಟ. ಇವುಗಳಲ್ಲಿ ಒತ್ತು ಮೇಲಿನ ಅಕ್ಷರದ ಮರಿಯ ಹಾಗೇ ಕಾಣುತ್ತದೆ. ಆಮೇಲೆ ರೂಪ ಬದಲಿಸುವ ಒತ್ತುಗಳು: ಅತ್ತೆ, ಅನ್ನ, ಅಮ್ಮ, ಅಯ್ಯ, ಬೆಲ್ಲ. ತ, ನ, ಮ, ಯ, ರ, ಲ ಈ ಆರರ ಒತ್ತು ಬೇರೆಯದೇ ಆಕಾರ. ಇವನ್ನು ದಿನಕ್ಕೊಂದು ಅಂತ ಬೇಡ, ವಾರಕ್ಕೆ ಒಂದೋ ಎರಡೋ. ಎಲ್ಲ ಗಟ್ಟಿಯಾದ ಮೇಲೆ ಬೇರೆ ಅಕ್ಷರದ ಒತ್ತು: ಪುಸ್ತಕ, ಚಕ್ರ, ರಾತ್ರಿ. ಕೊನೆಗೆ ಅರ್ಕಾವತ್ತು.

ಓದಿಸುವಾಗ ಬೆರಳು ಕೆಲಸಕ್ಕೆ ಬರುತ್ತದೆ. ಮೊದಲು ಮೇಲಿನ ಅಕ್ಷರಕ್ಕೆ ಬೆರಳಿಟ್ಟು ಅರ್ಧ ಸದ್ದು, ಬೆರಳು ಕೆಳಗೆ ಜಾರಿಸಿ ಪೂರ್ತಿ ಸದ್ದು. ಅಕ್... ಕ. ಬೆಟ್... ಟ. ಚಪ್ಪಾಳೆ ಹೊಡೆದು ಹೇಳಿಸಿದರೂ ಆಗುತ್ತದೆ. ಕಿವಿಗೆ ಎರಡು ಸದ್ದು ಬೇರೆಬೇರೆ ಕೇಳಿಸಬೇಕು, ಅಷ್ಟೇ.

ನಮ್ಮ ಮನೆಯಲ್ಲಿ ಗುಣಿತ ಎರಡು ತಿಂಗಳಲ್ಲಿ ಮುಗಿಯಿತು. ಒತ್ತಿಗೆ ಆರು ತಿಂಗಳಾದರೂ ಇನ್ನೂ ನಡೆಯುತ್ತಿದೆ.

ಬರೆಯುವುದನ್ನು ಓದಿನಿಂದ ಬಿಡಿಸಿ

ಕಣ್ಣಿಗೆ ಏಳು ವರ್ಷ, ಬೆರಳಿಗೆ ನಾಲ್ಕೇ ವರ್ಷ. ಓದಿದ ಪ್ರತಿ ಪದವನ್ನೂ ಬರೆಯಬೇಕು ಅಂದರೆ ಓದು ಬೆರಳಿನ ವೇಗಕ್ಕೆ ಇಳಿಯುತ್ತದೆ. ನನ್ನ ಮಗಳು ಸ್ಲೇಟು ಬಚ್ಚಿಟ್ಟದ್ದೂ ಇದಕ್ಕೇ. ಓದಲು ಅಲ್ಲ, ಹತ್ತು ಸಲ ತಿದ್ದಲು ಬೇಸರ.

ಬರೆಯುವ ಬದಲು ಜೋಡಿಸಲಿ. ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ದೊಡ್ಡದಾಗಿ ಅಕ್ಷರ ಬರೆದು ಕತ್ತರಿಸಿಡಿ. ಪದ ಹೇಳಿದರೆ ಮಗು ಚೀಟಿ ಜೋಡಿಸಲಿ. ಬೆರಳಿಗೆ ಕೆಲಸ ಬೇಕು ಅಂದರೆ ಮುಷ್ಟಿ ಕಾಫಿ ಬೀಜ ಕೊಟ್ಟು ನೆಲದ ಮೇಲೆ ಬರೆದ ಅಕ್ಷರದ ಗೆರೆಗುಂಟ ಇಡಲು ಹೇಳಿ. ಕಣದಲ್ಲಿ ಒಣಗಲು ಹಾಕಿದ ಕಾಫಿಯಲ್ಲಿ ಬೆರಳಾಡಿಸಿ ‘ಮ’ ಬರೆದು ತಾತನ ಕೈಲಿ ಬೈಸಿಕೊಂಡದ್ದೂ ಇದೆ. ಆದರೆ ಆ ‘ಮ’ ಅವಳು ಮರೆಯಲಿಲ್ಲ.

ಸ್ಲೇಟಿನ ಮೇಲೆ ದಿನಕ್ಕೆ ಎರಡು ಅಕ್ಷರ, ಎರಡೆರಡು ಸಲ. ದುಂಡಗೆ ಬಂದಿಲ್ಲ ಅಂತ ಒರೆಸಿ ಮತ್ತೆ ಬರೆಸಬೇಡಿ.

ಮನೆ ಮಾತು ಬೇರೆ ಇದ್ದರೆ

ಕೊಡಗಿನಲ್ಲಿ ಕನ್ನಡದ ಪಾಠ ಎಂದರೆ ಎಲ್ಲ ಮನೆಗೂ ಒಂದೇ ಅಲ್ಲ. ಒಂದು ಮನೆಯಲ್ಲಿ ಕೊಡವ ತಕ್ಕ್, ಪಕ್ಕದ ಮನೆಯಲ್ಲಿ ಅರೆಭಾಷೆ, ಆಚೆ ಮಲಯಾಳ, ತುಳು, ಎರವ ಮಾತು. ಕನ್ನಡ ಕೇಳಿಸುವುದು ಅಂಗಡಿಯಲ್ಲಿ, ಶಾಲೆಯಲ್ಲಿ, ಟಿವಿಯಲ್ಲಿ.

ನಮ್ಮ ಪಕ್ಕದ ಕೊಡವ ಮನೆಯ ಹುಡುಗನೂ ಕೆಲವು ದಿನ ಮಗಳ ಜೊತೆ ಕೂರುತ್ತಿದ್ದ. ‘ನರಿ’ ಎಂದು ಸರಿಯಾಗಿ ಓದಿದ. ಚಿತ್ರ ನೋಡಿ ನನ್ನನ್ನೇ ನೋಡಿದ. ‘ಆಂಟಿ, ಇದು ನರಿ ಅಲ್ಲ!’ ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಹುಲಿ ಕೊಂದವನಿಗೆ ಹಿಂದೆ ಮಾಡುತ್ತಿದ್ದ ಮದುವೆಗೂ ನರಿ ಮಂಗಲ ಅಂತಲೇ ಹೆಸರು. ಪುಸ್ತಕ ನೋಡಿದರೆ ಬಾಲ ಬಿಟ್ಟುಕೊಂಡ ಸಣ್ಣ ಪ್ರಾಣಿ. ಅವನ ಓದು ಸರಿ ಇತ್ತು, ಅವನ ಅರ್ಥವೂ ಸರಿ ಇತ್ತು.

ಅದಕ್ಕೇ ಮನೆ ಮಾತು ಬೇರೆ ಇರುವ ಮಗುವಿಗೆ ಪಾಠದಲ್ಲಿ ಒಂದು ಹೆಜ್ಜೆ ಹೆಚ್ಚು. ಪದ ಓದಿದ ಮೇಲೆ ‘ಮನೆಯಲ್ಲಿ ಇದಕ್ಕೆ ಏನಂತೀರಿ’ ಎಂದು ಕೇಳಿ. ಹಾಲು ಅಂದರೆ ಪಾಲ್, ಹೂವು ಅಂದರೆ ಪೂ. ಎರಡು ಮೂರು ಸಿಕ್ಕ ಮೇಲೆ ಚುರುಕು ಮಗು ತಾನೇ ಹ-ಪ ಅದಲು ಬದಲಿನ ಗುಟ್ಟು ಹಿಡಿಯುತ್ತದೆ. ಇದರಿಂದ ಇನ್ನೊಂದು ಲಾಭ ಇದೆ. ‘ಹಾಲು’ ಎಂದು ಬರೆದದ್ದನ್ನು ಮಗು ‘ಪಾಲ್’ ಎಂದು ಓದಿದರೆ ಅದು ಅಕ್ಷರ ನೋಡಿಲ್ಲ, ಚಿತ್ರ ನೋಡಿದೆ ಅಂತ ನಿಮಗೆ ತಕ್ಷಣ ಗೊತ್ತಾಗುತ್ತದೆ. ಕೊಡವ ತಕ್ಕ್, ಅರೆಭಾಷೆ ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಹಾಗಾಗಿ ಕಲಿತ ಅಕ್ಷರದಲ್ಲಿ ಮನೆ ಮಾತಿನ ಪದಗಳನ್ನೂ ಬರೆದು ಓದಿಸಿ. ತನ್ನ ಅಜ್ಜಿಯ ಮಾತು ಕಾಗದದ ಮೇಲೆ ಕಂಡರೆ ಮಗುವಿಗೆ ಆಗುವ ಖುಷಿಯೇ ಬೇರೆ.

ಇಂಗ್ಲಿಷ್? ಕೇಳಿಸಿ, ಹಾಡಿಸಿ. ಎಬಿಸಿಡಿ ಓದಿಸುವುದನ್ನು ಗುಣಿತ ಮುಗಿಯುವ ತನಕ ಮುಂದಕ್ಕೆ ಹಾಕಿದೆ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಪುಸ್ತಕ ಯಾವುದು, ಎಷ್ಟು

ಚುರುಕು ಮಗುವಿಗೆ ಪುಸ್ತಕ ಸಾಲುವುದಿಲ್ಲ, ಜೇಬು ಖಾಲಿಯಾಗುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ನಾಲ್ಕು ಹಂತ ಮಾಡಿದ್ದಾರೆ. ಒಂದನೇ ಹಂತದಲ್ಲಿ ಪುಟಕ್ಕೆ ಒಂದೋ ಎರಡೋ ಸಣ್ಣ ಸಾಲು. ನೆಟ್‌ವರ್ಕ್ ಇರುವಾಗ ಇಳಿಸಿಟ್ಟುಕೊಂಡರೆ ಮಳೆಗಾಲಕ್ಕೆ ಆಗುತ್ತದೆ. ಸಾಧ್ಯವಾದರೆ ಪ್ರಿಂಟ್ ತೆಗೆಸಿ. ಫೋನಿನಲ್ಲಿ ಬೆರಳು ಪದದ ಮೇಲೆ ನಿಲ್ಲುವುದಿಲ್ಲ, ಪುಟ ಜಾರಿಸುತ್ತದೆ. ರಾಜ್ಯ ಪಠ್ಯಪುಸ್ತಕಗಳೂ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಒಂದನೇ ತರಗತಿಯದ್ದು ಸಾಕು. ‘ಇವಳು ಚುರುಕು’ ಎಂದು ಮೂರನೇ ತರಗತಿಯದ್ದು ತೆಗೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಮಗು ಒಂದು ಪುಟ ಓದುವಾಗ ನಾಲ್ಕೈದು ಪದಕ್ಕೆ ನಿಂತರೆ ಆ ಪುಸ್ತಕ ಅವರಿಗೆ ಈಗ ಬೇಡ. ನೀವು ಓದಿ ಹೇಳಿ, ಅವರು ಕೇಳಲಿ. ಮಗು ಓದಲು ಕಲಿಯಿತು ಎಂದು ನಾವು ಓದಿ ಹೇಳುವುದನ್ನು ನಿಲ್ಲಿಸಬಾರದು. ಮಗುವಿನ ಕಿವಿ ಅರ್ಥ ಮಾಡಿಕೊಳ್ಳುವ ಕಥೆ ಅದರ ಕಣ್ಣು ಓದಬಲ್ಲ ಕಥೆಗಿಂತ ಎಷ್ಟೋ ಮುಂದಿರುತ್ತದೆ. ‘ಮರ, ಸರ, ದರ’ ಮಾತ್ರ ಓದುತ್ತಾ ಕೂತರೆ ಚುರುಕು ತಲೆಗೆ ಹಸಿವು. ರಾತ್ರಿ ಕಥೆ ಆ ಹೊಟ್ಟೆ ತುಂಬಿಸುತ್ತದೆ.

ಎಷ್ಟು ವೇಗವಾಗಿ ಓದಬೇಕು ಎಂದು ಕೇಳುವವರಿಗೆ: ಚಿಕ್ಕ ಮಕ್ಕಳ ಓದು ಮತ್ತು ಲೆಕ್ಕದ ಕಲಿಕೆಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ, ಒಂದನೇ ತರಗತಿಗೆ ಮೊದಲಿನ ಮಗು ಎರಡು ಮೂರು ಅಕ್ಷರದ ಸರಳ ಪದ ಓದಿದರೆ ಸಾಕು. ಎರಡನೇ ತರಗತಿಯ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ. ಈ ಎರಡನೇ ಲೆಕ್ಕವನ್ನು ನಾನು ಗೋಡೆಗೆ ಅಂಟಿಸಿಕೊಂಡಿಲ್ಲ. ಕನ್ನಡದಲ್ಲಿ ‘ಮನೆ’ಯೂ ಒಂದು ಪದ, ‘ಹೋಗಬೇಕಾಗಿದ್ದರಿಂದ’ವೂ ಒಂದು ಪದ!

ಜಾಸ್ತಿ ಆಯಿತು ಎಂದು ಗೊತ್ತಾಗುವುದು ಹೇಗೆ

ಬೇಗ ಕಲಿಯುವ ಮಗು ‘ಸಾಕು’ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ನಿಮ್ಮನ್ನು ಖುಷಿ ಪಡಿಸಬೇಕು ಅಂತ ಅದಕ್ಕೆ ಗೊತ್ತು. ಪಾಠಕ್ಕೆ ಕೂರುವಾಗಲೇ ಬಾಯಾರಿಕೆ, ಹೊಟ್ಟೆನೋವು ಬರುತ್ತದೆ. ನಿನ್ನೆ ಓದಿದ ಪದಕ್ಕೆ ಇವತ್ತು ಬೇಕೆಂದೇ ತಮಾಷೆ ಉತ್ತರ ಕೊಡುತ್ತದೆ. ಪುಟ ನೋಡದೆ ನಿಮ್ಮ ಮುಖ ನೋಡಿ ಊಹಿಸುತ್ತದೆ. ಈ ಕೊನೆಯದು ನನಗೆ ಎಲ್ಲಕ್ಕಿಂತ ನಂಬಿಕೆಯ ಗುರುತು.

ಹಾಗಾದಾಗ ಎರಡು ಮೆಟ್ಟಿಲು ಕೆಳಗಿಳಿಯಿರಿ. ಒಂದು ವಾರ ಮಗುವಿಗೆ ನೀರು ಕುಡಿದಷ್ಟು ಸುಲಭವಾದದ್ದನ್ನೇ ಕೊಡಿ. ಅದೂ ಬೇಡ ಅಂದರೆ ರಜೆ ಕೊಡಿ. ಹದಿನೈದು ದಿನ ಬಿಟ್ಟರೆ ಎಲ್ಲ ಮರೆತುಹೋಗುತ್ತದೆ ಎಂಬ ಹೆದರಿಕೆ ನನಗೂ ಇತ್ತು. ಕೆಲವು ಮರೆತೇ ಹೋದವು. ನಾಲ್ಕು ದಿನದ ಪುನರಾವರ್ತನೆಗೆ ವಾಪಸ್ ಬಂದವು.

ಕೊಡಗಿನಲ್ಲಿ ವರ್ಷವೇ ನಮಗೆ ಈ ರಜೆಗಳನ್ನು ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ಹೊರಗೆ ಹೋಗುವ ಹಾಗಿಲ್ಲ, ಪಾಠಕ್ಕೆ ಒಳ್ಳೆಯ ಕಾಲ. ಸುಗ್ಗಿ ಹಬ್ಬ ಹುತ್ತರಿ ಮುಗಿಯುವ ಹೊತ್ತಿಗೆ ಕಾಫಿ ಕೊಯ್ಲು ಬಿಸಿಯಾಗಿರುತ್ತದೆ, ಆಮೇಲೆ ಕರಿಮೆಣಸು. ಆ ತಿಂಗಳುಗಳಲ್ಲಿ ಯಾವ ಮನೆಯಲ್ಲೂ ಯಾರಿಗೂ ಕೂರಲು ಪುರಸೊತ್ತಿಲ್ಲ. ಆಗ ಹೊಸ ಪಾಠ ಇಲ್ಲ, ರಾತ್ರಿ ಕಥೆ ಮಾತ್ರ ಅಂತ ಮೊದಲೇ ತೀರ್ಮಾನ ಮಾಡಿಬಿಡಿ. ತೀರ್ಮಾನ ಮಾಡದೆ ಬಿಟ್ಟರೆ ದಿನಾ ‘ಅಯ್ಯೋ ಇವತ್ತೂ ಆಗಲಿಲ್ಲ’ ಎಂಬ ಕೊರಗು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಹೊತ್ತಿಗೆ ಮತ್ತೆ ಶುರು.

ಶಾಲೆ ಸೇರುವ ಮೊದಲು

ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ ತಂದಿದ್ದಾರೆ. 2025-26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳು ಎಂದು ಸಡಿಲಿಸಿದ್ದರು. ಅಂದರೆ ಓದು ಬರುತ್ತದೆ ಎಂದು ಬೇಗ ಸೇರಿಸುವ ದಾರಿ ಇಲ್ಲ. ಸಿಕ್ಕಿದ ಒಂದು ಒಂದೂವರೆ ವರ್ಷವನ್ನು ಮೇಲಕ್ಕೆ ಏರಿಸಲು ಬಳಸದೆ ಅಗಲಕ್ಕೆ ಹರಡಿ. ಅದೇ ಅಕ್ಷರಗಳಲ್ಲಿ ಅಂಗಡಿ ಚೀಟಿ, ಔಷಧಿ ಡಬ್ಬಿ, ದಸರಾ ಮಂಟಪದ ಬ್ಯಾನರ್, ಮಡಿಕೇರಿಯಿಂದ ಬರುವ ‘ಶಕ್ತಿ’ ಪತ್ರಿಕೆಯ ದಪ್ಪ ತಲೆಬರಹ. ಸೇರಿಸುವ ದಿನ ಟೀಚರಿಗೆ ‘ಇಷ್ಟು ಓದುತ್ತಾಳೆ, ಇಷ್ಟು ಬರೆಯುವುದಿಲ್ಲ’ ಎಂದು ಹೇಳಿಬಿಡಿ. ಓದುತ್ತಾಳೆ ಎಂದಷ್ಟೇ ಹೇಳಿದರೆ ಬರೆಯಲೂ ಬರುತ್ತದೆ ಅಂದುಕೊಳ್ಳುತ್ತಾರೆ.

ಕೊನೆಯದಾಗಿ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಒಂದೇ ಸಾಲು. ಏನು ಓದಿದಳು, ಎಲ್ಲಿ ನಿಂತಳು, ಯಾರು ಮೊದಲು ಎದ್ದರು. ಮುಂದಿನ ವಾರ ಓಡಬೇಕೋ ನಿಲ್ಲಬೇಕೋ ಅನ್ನುವುದು ಈ ಮೂರರಲ್ಲೇ ಗೊತ್ತಾಗುತ್ತದೆ. ನಮ್ಮ ನೋಟ್‌ಬುಕ್ಕಿನ ಈ ವಾರದ ಪುಟ ಇದು:

ಸೋಮವಾರ. ‘ಚಕ್ರ’, ‘ಹತ್ತಿರ’. ‘ಚಕ್ರ’ಕ್ಕೆ ಚಕರ ಅಂದಳು. ನಾನು ಮೊದಲು ಎದ್ದೆ.

ಮಂಗಳವಾರ. ಕರೆಂಟ್ ಇಲ್ಲ. ಬಾಯಿ ಆಟ. ‘ತ್ರ’ ಇರುವ ಪದ ಹೇಳು ಅಂದರೆ ‘ರಾತ್ರಿ, ಛತ್ರಿ, ಹತ್ರ’ ಅಂದಳು.

ಬುಧವಾರ. ಹೊಟ್ಟೆನೋವಂತೆ. ಬಿಟ್ಟೆ. ಕಡಲೆಕಾಯಿ ಕೊಟ್ಟರೆ ಹೊಟ್ಟೆನೋವು ಇರಲಿಲ್ಲ.

ಗುರುವಾರ. ಬಸ್ ಸ್ಟ್ಯಾಂಡ್. ಪಾಠ ಅಲ್ಲ. ‘ನಾಪೋಕ್ಲು’ ಎಂದು ತಾನೇ ಓದಿ, ನನ್ನ ಮುಖ ನೋಡದೆ ಮುಂದಿನ ಬೋರ್ಡಿಗೆ ಹೋದಳು.